ಐದು ವರ್ಷ ಹತ್ತು ತಿಂಗಳು: ಒಂದನೇ ತರಗತಿಯ ಹುಡುಗನೊಬ್ಬನ ಪ್ರಕರಣ ಅಧ್ಯಯನ

2023ರ ನವೆಂಬರ್ ತಿಂಗಳ ಆರಂಭದಲ್ಲಿ, ದಸರಾ ರಜೆ ಮುಗಿದು ಶಾಲೆಗಳು ಮತ್ತೆ ತೆರೆದ ಸ್ವಲ್ಪ ದಿನಕ್ಕೆ, ಮಂಡ್ಯ ನಗರದ ಕುಟುಂಬವೊಂದು ಒಂದನೇ ತರಗತಿಯಲ್ಲಿ ಓದುತ್ತಿದ್ದ ಮಗನನ್ನು ಮೈಸೂರಿನಲ್ಲಿ ನಾನು ಕೆಲಸ ಮಾಡುವ ಮಕ್ಕಳ ಮನೋವಿಜ್ಞಾನ ಘಟಕಕ್ಕೆ ಕರೆತಂದಿತು. ತಾಯಿಯ ಕೈಯಲ್ಲಿ ಶಾಲೆಯ ಡೈರಿ ಇತ್ತು. ಹುಡುಗ ಒಂದೆಡೆ ಕೂರುವುದಿಲ್ಲ, ಬೋರ್ಡಿನ ಮೇಲೆ ಬರೆದದ್ದನ್ನು ಪೂರ್ತಿ ಇಳಿಸಿಕೊಳ್ಳುವುದಿಲ್ಲ, ಹೇಳಿದ ಮೂರು ಕೆಲಸಗಳಲ್ಲಿ ಒಂದನ್ನು ಮಾಡಿ ಉಳಿದೆರಡನ್ನು ಮರೆಯುತ್ತಾನೆ, ಕಳೆಯುವ ಲೆಕ್ಕ ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತುವುದಿಲ್ಲ ಎಂದು ತರಗತಿಯ ಶಿಕ್ಷಕಿ ಅದರಲ್ಲಿ ಬರೆದಿದ್ದರು. ಕೊನೆಯ ಸಾಲಿನಲ್ಲಿ, ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇದೆಯೇ ಎಂದು ತಜ್ಞರಲ್ಲಿ ತೋರಿಸುವುದು ಒಳ್ಳೆಯದು ಎಂಬ ಸಲಹೆಯಿತ್ತು.

ಪೋಷಕರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇದರಲ್ಲಿ ಅಪರೂಪದ ಕಾಯಿಲೆಯೇನೂ ಇಲ್ಲ. ಒಂದು ಮಗುವಿನ ಯೋಚನೆಯ ಶಕ್ತಿಯನ್ನು ಅಳೆಯುವಾಗ ಅದರ ವಯಸ್ಸನ್ನು ವರ್ಷಗಳಲ್ಲಿ ಮಾತ್ರವಲ್ಲದೆ ತಿಂಗಳುಗಳಲ್ಲಿಯೂ ಲೆಕ್ಕ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆಯಾಗಬಲ್ಲದು ಎಂಬುದೇ ಬರೆಯಲು ಕಾರಣ.

ಮನೆ ಮತ್ತು ಶಾಲೆ

ತಂದೆಯವರದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ತಾಯಿ ಮನೆಯಲ್ಲಿಯೇ ಹೊಲಿಗೆ ಕೆಲಸ ಮಾಡುತ್ತಾರೆ. ತಂದೆಯ ತಾಯಿ ಅವರೊಂದಿಗೇ ಇದ್ದಾರೆ. ಹುಡುಗನ ದಿನದ ಹೆಚ್ಚಿನ ಭಾಗ ಕಳೆಯುವುದು ಈ ಅಜ್ಜಿಯ ಜೊತೆಯಲ್ಲಿ. ಅವನಿಗಿಂತ ಎರಡು ವರ್ಷ ಚಿಕ್ಕವಳಾದ ಒಬ್ಬ ತಂಗಿಯಿದ್ದಾಳೆ. ಗರ್ಭಾವಸ್ಥೆ ಮತ್ತು ಹೆರಿಗೆಯಲ್ಲಿ ತೊಡಕಿರಲಿಲ್ಲ. ತಲೆ ನಿಲ್ಲುವುದು, ಕೂರುವುದು, ನಡೆಯುವುದು, ಮಾತು, ಎಲ್ಲವೂ ಸಕಾಲದಲ್ಲಿ ಆಗಿದ್ದವು. ಫಿಟ್ಸ್, ತಲೆಗೆ ಪೆಟ್ಟು, ದೀರ್ಘಕಾಲದ ಔಷಧ ಯಾವುದೂ ಇಲ್ಲ. ಎರಡು ವರ್ಷದ ಹಿಂದೆ ಕಿವಿ ಸೋರಿದ ಇತಿಹಾಸವಿದ್ದುದರಿಂದ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮಾಡಿಸಲಾಯಿತು. ಎರಡೂ ಕಿವಿಗಳು ಸರಿಯಾಗಿ ಕೇಳುತ್ತಿದ್ದವು. ಕಣ್ಣಿನ ಪರೀಕ್ಷೆಯಲ್ಲಿಯೂ ದೋಷ ಕಾಣಲಿಲ್ಲ.

ಹುಡುಗ ಹುಟ್ಟಿದ್ದು 2017ರ ಡಿಸೆಂಬರ್ ಕೊನೆಯ ವಾರದಲ್ಲಿ. 2023ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುವಾಗ ಅವನಿಗೆ ಐದು ವರ್ಷ ಐದು ತಿಂಗಳು ತುಂಬಿ ಕೆಲವೇ ದಿನಗಳಾಗಿದ್ದವು. ಆಗ ರಾಜ್ಯದಲ್ಲಿ ಜಾರಿಯಲ್ಲಿದ್ದ ಕನಿಷ್ಠ ವಯೋಮಿತಿಯೂ ಅದೇ ಆಗಿತ್ತು. ಹಾಗಾಗಿ ದಾಖಲಾತಿಯಲ್ಲಿ ನಿಯಮ ಮೀರಿದ್ದೇನೂ ಇರಲಿಲ್ಲ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತ್ತು. ಕರ್ನಾಟಕ ಸರ್ಕಾರ 2022ರ ಜುಲೈನಲ್ಲಿ ಅದೇ ರೀತಿ ಆದೇಶ ಹೊರಡಿಸಿ, ಪೋಷಕರ ಆಕ್ಷೇಪದ ನಂತರ ಅದರ ಜಾರಿಯನ್ನು 2025–26ನೇ ಸಾಲಿಗೆ ಮುಂದೂಡಿತ್ತು. ಈ ಹುಡುಗ ಆ ನಡುವಿನ ವರ್ಷಗಳಲ್ಲಿ ಸೇರಿದವನು. ಅವನ ತರಗತಿಯಲ್ಲಿ ಆರೂವರೆ ದಾಟಿದ ಮಕ್ಕಳೂ ಇದ್ದರು. ನಾನು ನೋಡಿದಾಗ ಅವನ ವಯಸ್ಸು ಐದು ವರ್ಷ ಹತ್ತು ತಿಂಗಳು, ಅಂದರೆ ಎಪ್ಪತ್ತು ತಿಂಗಳು. ಪಕ್ಕದ ಬೆಂಚಿನ ಹುಡುಗ ಅವನಿಗಿಂತ ಹನ್ನೆರಡು ತಿಂಗಳು ದೊಡ್ಡವನಾಗಿದ್ದರೆ ಆ ಅಂತರ ಇವನು ಬದುಕಿದ ಒಟ್ಟು ಕಾಲದ ಆರನೆಯ ಒಂದು ಭಾಗಕ್ಕಿಂತ ಹೆಚ್ಚು. ನಲವತ್ತು ವರ್ಷದವರ ನಡುವೆ ಒಂದು ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಈ ವಯಸ್ಸಿನಲ್ಲಿ ಬರುತ್ತದೆ.

ದಿನಚರಿಯನ್ನು ಕೇಳಿದಾಗ ಇನ್ನೊಂದು ಸಂಗತಿ ಹೊರಬಂತು. ಶಾಲೆಯ ವ್ಯಾನು ಬೇಗ ಬರುವುದರಿಂದ ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತಾರೆ. ಸಂಜೆ ಐದರಿಂದ ಏಳರವರೆಗೆ ಟ್ಯೂಷನ್. ತಂದೆ ಅಂಗಡಿ ಮುಚ್ಚಿ ಬರುವುದು ಒಂಬತ್ತೂವರೆಗೆ. ಮಗ ಅಪ್ಪನನ್ನು ಕಾಣುವುದೇ ಆಗ. ಊಟ, ಆಟ, ಟಿವಿ ಮುಗಿದು ಮಲಗುವಾಗ ಹತ್ತೂವರೆ. ಹೀಗೆ ಅವನಿಗೆ ಸಿಗುತ್ತಿದ್ದುದು ಏಳೂವರೆ ಗಂಟೆಯ ನಿದ್ರೆ. ನಿದ್ರಾ ವೈದ್ಯಕೀಯದ ಅಮೆರಿಕನ್ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ರೆ ಸೇರಿ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ನಿದ್ರೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ನಿದ್ರೆಗೆಟ್ಟ ಚಿಕ್ಕ ಮಕ್ಕಳು ಹಲವು ವೇಳೆ ಅದಕ್ಕೆ ವಿರುದ್ಧವಾಗಿ ಚಡಪಡಿಸುತ್ತಾರೆ, ಸಣ್ಣದಕ್ಕೂ ಅಳುತ್ತಾರೆ, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುತ್ತಾರೆ. ಈ ಲಕ್ಷಣಗಳನ್ನು ಎಡಿಎಚ್‌ಡಿಯ ಪಟ್ಟಿಯ ಪಕ್ಕದಲ್ಲಿಟ್ಟರೆ ಹೊರನೋಟಕ್ಕೆ ವ್ಯತ್ಯಾಸ ತಿಳಿಯುವುದು ಕಷ್ಟ.

ಅಜ್ಜಿ ಮಾತ್ರ ಡೈರಿಯ ಮಾತನ್ನು ಒಪ್ಪಿರಲಿಲ್ಲ. "ಕೂಸು ದಡ್ಡ ಅಲ್ಲ ಕಣವ್ವ, ನನ್ ಜೊತೆ ಚೌಕಾಬಾರ ಕುಂತ್ರೆ ಒಂದ್ ಗಂಟೆ ಅಲ್ಲಾಡಕಿಲ್ಲ, ಕಾಯಿ ಕಡಿಯೋದ್ರಲ್ಲಿ ನನ್ನೇ ಸೋಲಿಸ್ತದೆ" ಎಂದರು. ಮೊಮ್ಮಗನ ಮೇಲಿನ ಅಕ್ಕರೆಯ ಮಾತೆಂದು ಇದನ್ನು ಬದಿಗಿಡಬಹುದಿತ್ತು. ಆದರೆ ತನ್ನ ಸರದಿಗಾಗಿ ಕಾಯುವುದು, ಕವಡೆಯ ಲೆಕ್ಕ ಹಿಡಿಯುವುದು, ಯಾವ ಕಾಯಿ ನಡೆಸಬೇಕೆಂದು ಆಯ್ದುಕೊಳ್ಳುವುದು, ಇವೆಲ್ಲ ಗಮನದ ಕೆಲಸಗಳೇ. ಒಂದು ಗಂಟೆ ಅವುಗಳಲ್ಲಿ ನಿಲ್ಲಬಲ್ಲ ಮಗುವಿನ ವಿಷಯದಲ್ಲಿ ಆತುರದ ತೀರ್ಮಾನ ಸಲ್ಲದು. ಹಾಗೆಂದು ಆಟದಲ್ಲಿ ಕೂರುವುದೊಂದೇ ಸಾಕ್ಷಿಯೂ ಆಗಲಾರದು, ಏಕೆಂದರೆ ಎಡಿಎಚ್‌ಡಿ ಇರುವ ಅನೇಕ ಮಕ್ಕಳು ಇಷ್ಟದ ಆಟದಲ್ಲಿ ಮುಳುಗಿ ಕೂರುತ್ತಾರೆ.

ಪರೀಕ್ಷೆಗಳಲ್ಲಿ ಕಂಡದ್ದು

ಮೊದಲು ಎರಡು ಒಂದೇ ಅಳತೆಯ ಸ್ಟೀಲ್ ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಎರಡರಲ್ಲೂ ಅಷ್ಟೇ ಇದೆಯೇ ಎಂದು ಕೇಳಿದೆ. ಬಗ್ಗಿ ನೋಡಿ, ಹೌದೆಂದ. ಒಂದು ಲೋಟದ ನೀರನ್ನು ಅವನ ಕಣ್ಣೆದುರಿಗೇ ಉದ್ದನೆಯ ಕಿರಿದಾದ ಗಾಜಿನ ಲೋಟಕ್ಕೆ ಸುರಿದೆ. ಈಗ ಗಾಜಿನದರಲ್ಲಿಯೇ ಜಾಸ್ತಿ ಎಂದು ಹಿಂದೆಮುಂದೆ ನೋಡದೆ ಹೇಳಿದ. ತಂದೆಯ ಮುಖ ಸಣ್ಣದಾಯಿತು. ಈ ಉತ್ತರ ಅವನ ವಯಸ್ಸಿಗೆ ತಕ್ಕದ್ದೇ ಎಂದು ಅವರಿಗೆ ಅಲ್ಲಿಯೇ ಹೇಳಬೇಕಾಯಿತು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಇಂಥ ಪ್ರಯೋಗಗಳಿಂದ ತೋರಿಸಿದಂತೆ, ಸುಮಾರು ಎರಡರಿಂದ ಏಳು ವರ್ಷದವರೆಗಿನ ಮಗು ಎದುರಿಗೆ ಎದ್ದುಕಾಣುವ ಒಂದೇ ಗುಣಕ್ಕೆ, ಇಲ್ಲಿ ನೀರಿನ ಎತ್ತರಕ್ಕೆ, ಅಂಟಿಕೊಳ್ಳುತ್ತದೆ. ಎತ್ತರ ಹೆಚ್ಚಿದಷ್ಟೂ ಅಗಲ ಕಡಿಮೆಯಾಯಿತೆಂಬುದನ್ನೂ, ಸುರಿದ ನೀರನ್ನು ಹಿಂದಕ್ಕೆ ಸುರಿದರೆ ಮೊದಲಿನಂತೆಯೇ ಆಗುವುದೆಂಬುದನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿಯಲಾರದು. ಏಳರ ಆಸುಪಾಸಿನಲ್ಲಿ ಅದು ಸಾಧ್ಯವಾಗತೊಡಗುತ್ತದೆ.

ಹುಣಸೆ ಬೀಜಗಳ ಪರೀಕ್ಷೆಯಲ್ಲಿ ಸಂಗತಿ ಇನ್ನಷ್ಟು ಸ್ಪಷ್ಟವಾಯಿತು. ಎದುರುಬದುರಾಗಿ ಆರಾರು ಬೀಜಗಳ ಎರಡು ಸಾಲು ಜೋಡಿಸಿ, ಒಂದು ಸಾಲನ್ನು ನಾನೇ ಅಗಲಿಸಿ ಕೇಳಿದಾಗ ಅಗಲವಾದ ಸಾಲಿನಲ್ಲಿ ಹೆಚ್ಚಿದೆಯೆಂದ. ಸ್ವಲ್ಪ ಹೊತ್ತಿನ ನಂತರ ಅದೇ ಪರೀಕ್ಷೆಯನ್ನು ಬೇರೆ ರೀತಿ ಮಾಡಿದೆ: ಒಂದು ಬಟ್ಟೆಯ ಕೋತಿ ಬಂದು ತುಂಟತನದಿಂದ ಸಾಲನ್ನು ಚೆದುರಿಸಿತು. ಹುಡುಗ ನಕ್ಕು, ಕೋತಿಯನ್ನು ಗದರಿ, ಎರಡೂ ಕಡೆ ಅಷ್ಟೇ ಇದೆ ಎಂದ. ಈ ಉಪಾಯ ನನ್ನದಲ್ಲ. 1974ರಲ್ಲಿ ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ತುಂಟ ಕರಡಿ ಗೊಂಬೆಯನ್ನು ಬಳಸಿ, ಪಿಯಾಜೆಯ ರೀತಿಯಲ್ಲಿ ಕೇಳಿದಾಗ ತಪ್ಪುವ ಬಹಳಷ್ಟು ಮಕ್ಕಳು ಹೀಗೆ ಕೇಳಿದಾಗ ಸರಿಯಾಗಿ ಉತ್ತರಿಸುವುದನ್ನು ತೋರಿಸಿದ್ದರು. ದೊಡ್ಡವರೊಬ್ಬರು ಬೇಕೆಂದೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಉತ್ತರವೂ ಬದಲಾಗಬೇಕೇನೋ ಎಂದು ಮಗು ಊಹಿಸುತ್ತದೆ. ಇದರಿಂದ ನನಗೆ ಎರಡು ವಿಷಯ ತಿಳಿದವು. ಸಂಖ್ಯೆಯ ತಿಳಿವಳಿಕೆ ಅವನಲ್ಲಿ ಮೊಳೆತಿತ್ತು, ಇನ್ನೂ ಗಟ್ಟಿಯಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವನ ಉತ್ತರ ಪ್ರಶ್ನೆ ಕೇಳುವ ರೀತಿಯ ಮೇಲೆ ನಿಂತಿತ್ತು. ಶಾಲೆಯಲ್ಲಿ ಅವನನ್ನು ಕೇಳುತ್ತಿದ್ದ ರೀತಿ ಒಂದೇ ಆಗಿತ್ತು.

ಮತ್ತೊಬ್ಬರ ಮನಸ್ಸಿನಲ್ಲಿ ತಪ್ಪು ನಂಬಿಕೆ ಇರಬಹುದೆಂಬುದನ್ನು ಗ್ರಹಿಸುವ ಪರೀಕ್ಷೆಯಲ್ಲಿ, ಅಂದರೆ ಒಬ್ಬಳು ಡಬ್ಬಿಯಲ್ಲಿಟ್ಟು ಹೋದ ಚಕ್ಕುಲಿಯನ್ನು ಇನ್ನೊಬ್ಬ ಬೇರೆಡೆ ಅಡಗಿಸಿದರೆ ಆಕೆ ಬಂದು ಮೊದಲು ಎಲ್ಲಿ ಹುಡುಕುತ್ತಾಳೆ ಎಂಬ ಪ್ರಶ್ನೆಯಲ್ಲಿ, ಕಷ್ಟವಿಲ್ಲದೆ ಗೆದ್ದ. ಕನ್ನಡದಲ್ಲಿ ಕಥೆ ಹೇಳುವಾಗ ಘಟನೆಗಳ ಕ್ರಮ, ಕಾರಣ, ಪಾತ್ರಗಳ ಮಾತು ಎಲ್ಲವೂ ಇದ್ದವು. ಬುದ್ಧಿಮಟ್ಟದ ಪರೀಕ್ಷೆಯ ಫಲಿತಾಂಶ ಸಾಮಾನ್ಯ ಮಟ್ಟದಲ್ಲಿತ್ತು. ತೊಡಕು ಕಂಡದ್ದು ನಿಯಮವನ್ನು ಮನಸ್ಸಿನಲ್ಲಿ ಹಿಡಿದು, ಆಗಾಗ ಬದಲಿಸಿ ನಡೆಯಬೇಕಾದ ಕೆಲಸಗಳಲ್ಲಿ. ಚಿತ್ರದ ಕಾರ್ಡುಗಳನ್ನು ಮೊದಲು ಬಣ್ಣದಂತೆ, ಆಮೇಲೆ ಆಕಾರದಂತೆ ವಿಂಗಡಿಸುವಾಗ ತಪ್ಪಲಿಲ್ಲ. ಅಂಚಿನಲ್ಲಿ ಗೆರೆಯಿದ್ದರೆ ಬಣ್ಣ, ಇಲ್ಲದಿದ್ದರೆ ಆಕಾರ ಎಂದು ನಿಯಮವನ್ನು ಬೆರೆಸಿದಾಗ ಎಡವಿದ. ಅಂಕೆಗಳನ್ನು ಹೇಳಿದ ಕ್ರಮದಲ್ಲಿ ನಾಲ್ಕರವರೆಗೆ, ಹಿಂದುಮುಂದಾಗಿ ಎರಡರವರೆಗೆ ಮಾತ್ರ ಹೇಳಬಲ್ಲವನಾಗಿದ್ದ. ಆರು ವರ್ಷ ತುಂಬದ ಮಗುವಿನಲ್ಲಿ ಇವು ಯಾವುವೂ ಅಸಹಜವಲ್ಲ.

ಈಗ ಲೆಕ್ಕದ ವಿಷಯ. ಹದಿಮೂರು ಬೀಜಗಳಲ್ಲಿ ಐದನ್ನು ತೆಗೆದರೆ ಎಷ್ಟೆಂಬುದನ್ನು ಬೀಜ ಮುಟ್ಟಿ ಸರಿಯಾಗಿ ಹೇಳಿದ. ನೋಟ್‌ಬುಕ್ಕಿನಲ್ಲಿ ಮಾತ್ರ ಮೂವತ್ತೆರಡರಲ್ಲಿ ಹದಿನೇಳು ಕಳೆದರೆ ಇಪ್ಪತ್ತೈದು ಎಂದು ಬರೆದಿದ್ದ. ಅದೇ ಬಗೆಯ ತಪ್ಪು ಪುಟದ ತುಂಬ ಇತ್ತು, ಪ್ರತಿಯೊಂದರ ಮೇಲೂ ಕೆಂಪು ಗೆರೆ ಇತ್ತು. ಎರಡರಲ್ಲಿ ಏಳು ಹೋಗುವುದಿಲ್ಲವಾದ್ದರಿಂದ ಏಳರಲ್ಲಿ ಎರಡನ್ನು ಕಳೆದು ಐದು, ಮೂರರಲ್ಲಿ ಒಂದನ್ನು ಕಳೆದು ಎರಡು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ, ತನಗೆ ಹೇಳಿಕೊಟ್ಟ ನಿಯಮವನ್ನು ಅವನು ಎಲ್ಲ ಲೆಕ್ಕಗಳಿಗೂ ತಪ್ಪದೆ ಅನ್ವಯಿಸಿದ್ದ. ಗಮನವಿಲ್ಲದ ಮಗು ಒಂದೊಂದು ಕಡೆ ಒಂದೊಂದು ರೀತಿ ತಪ್ಪುತ್ತದೆ. ಈ ಪುಟದಲ್ಲಿದ್ದುದು ಒಂದೇ ತಪ್ಪು. 1920ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಯ ಕೆಲಸದಲ್ಲಿದ್ದ ತರುಣ ಪಿಯಾಜೆಯ ಕುತೂಹಲ ಕೆರಳಿದ್ದು ಇಂಥದರಿಂದಲೇ: ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಉತ್ತರಗಳನ್ನು ಕೊಡುತ್ತಿದ್ದರು, ಮತ್ತು ಆ ತಪ್ಪುಗಳಿಗೆ ಅವುಗಳದೇ ತರ್ಕವಿತ್ತು. ಅಂದಹಾಗೆ, ಬಿಡಿ-ಹತ್ತುಗಳ ಸ್ಥಾನಬೆಲೆ ಗಟ್ಟಿಯಾಗುವ ಮೊದಲೇ ದಶಕ ಕಡ ತೆಗೆಯುವ ಲೆಕ್ಕಗಳನ್ನು ಒಂದನೇ ತರಗತಿಯ ಅರ್ಧದಲ್ಲಿಯೇ ಕೊಡುವುದು ಏಕೆ ಬೇಕು ಎಂಬ ಪ್ರಶ್ನೆಗೆ ಆ ಶಾಲೆಯಿಂದ ಸಿಕ್ಕ ಉತ್ತರ, ಪೋಷಕರೇ ಕೇಳುತ್ತಾರೆ ಎಂಬುದಾಗಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ತಂದೆಯವರೂ ಕೇಳಿದವರಲ್ಲಿ ಒಬ್ಬರು.

ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿದ ಐಸ್‌ಕ್ರೀಮ್ ಕಡ್ಡಿಗಳ ಕಟ್ಟುಗಳನ್ನು ಕೊಟ್ಟು, ಒಂದು ಕಟ್ಟು ಬಿಚ್ಚುವುದನ್ನು ಒಮ್ಮೆ ತೋರಿಸಿದಾಗ ಅವನೇ ಮುಂದಿನ ಲೆಕ್ಕವನ್ನು ಬಿಡಿಸಿದ. ಕಡ್ಡಿ ತೆಗೆದಿಟ್ಟರೆ ಮತ್ತೆ ಹಳೆಯ ಉತ್ತರ. ರಷ್ಯಾದ ಲೆವ್ ವಿಗೊಟ್‌ಸ್ಕಿ (1896–1934) ಒತ್ತಿ ಹೇಳಿದ್ದು ಈ ಅಂತರವನ್ನೇ: ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದು, ತಿಳಿದವರ ನೆರವಿನಿಂದ ಮಾಡಬಲ್ಲದ್ದು ಇನ್ನೊಂದು, ಕಲಿಕೆಗೆ ಎಡೆಯಿರುವುದು ಇವೆರಡರ ನಡುವೆ. ಈ ಹುಡುಗನಲ್ಲಿ ಆ ಎಡೆ ಸಾಕಷ್ಟಿತ್ತು.

ಮಕ್ಕಳ ವೈದ್ಯರು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್‌ಗೆ 10.2 ಗ್ರಾಂ ಇತ್ತು, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ಕೆಳಗಿತ್ತು. ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ 11.5ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಕಾಯಿಲೆ ಎನ್ನಿಸದಷ್ಟು ಇದು ನಮ್ಮಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ರಕ್ತಹೀನತೆಯಿದೆ. ನರತಂತುಗಳ ಹೊದಿಕೆಯಾದ ಮೈಲಿನ್ ತಯಾರಾಗಲು ಮತ್ತು ಗಮನಕ್ಕೆ ಅಗತ್ಯವಾದ ಡೋಪಮಿನ್‌ನಂಥ ರಾಸಾಯನಿಕಗಳ ಉತ್ಪಾದನೆಗೆ ಕಬ್ಬಿಣ ಬೇಕು. ಆಹಾರ ಮತ್ತು ಯೋಚನೆಯ ಶಕ್ತಿಯ ನಂಟು ಹುಟ್ಟಿಗೂ ಮೊದಲೇ ಆರಂಭವಾಗುತ್ತದೆ ಎಂಬುದಕ್ಕೆ ಮೈಸೂರಿನಲ್ಲಿಯೇ ಆಧಾರವಿದೆ: ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ದಾಖಲಾದ ಗರ್ಭಿಣಿಯರ ಮಕ್ಕಳನ್ನು ಒಂಬತ್ತು-ಹತ್ತನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಗರ್ಭಾವಸ್ಥೆಯಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಬಿ ವಿಟಮಿನ್ ಹೆಚ್ಚಿದ್ದ ಮಕ್ಕಳು ನೆನಪು, ಗಮನ ಮುಂತಾದ ಪರೀಕ್ಷೆಗಳಲ್ಲಿ ಮುಂದಿದ್ದರು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಧಿಸುವುದಿಲ್ಲ. ಆದರೂ ಮಗುವಿನ ಗಮನದ ದೂರು ಬಂದಾಗ ರಕ್ತಪರೀಕ್ಷೆಯನ್ನು ಬಿಡಬಾರದೆಂಬ ನನ್ನ ಅಭಿಪ್ರಾಯಕ್ಕೆ ಬಲ ಕೊಡುತ್ತದೆ.

"ತಲೆ ಸ್ಕ್ಯಾನ್ ಮಾಡಿಸಿದ್ರೆ ಗೊತ್ತಾಗಲ್ವಾ ಮೇಡಂ?"

ತಂದೆಯವರ ಈ ಪ್ರಶ್ನೆ ಸಹಜವಾದದ್ದು. ಮೋಟಾರು ಕೆಟ್ಟರೆ ಬಿಚ್ಚಿ ನೋಡುವುದು ಅವರ ಕಸುಬು. ಅವರಿಗೆ ವಿವರಿಸಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ಹುಟ್ಟಿದಾಗ ಮಗುವಿನ ಮೆದುಳಿನ ತೂಕ ವಯಸ್ಕರ ಮೆದುಳಿನ ಕಾಲು ಭಾಗದಷ್ಟು. ಆರು ವರ್ಷಕ್ಕೆ ಅದು ಸುಮಾರು ಹತ್ತರಲ್ಲಿ ಒಂಬತ್ತು ಪಾಲು ತಲುಪಿರುತ್ತದೆ. ಗಾತ್ರವನ್ನು ನೋಡಿದರೆ ಐದೂವರೆ ಮತ್ತು ಆರೂವರೆಯ ಮಕ್ಕಳ ನಡುವೆ ಹೆಚ್ಚು ಅಂತರವಿಲ್ಲ. ವ್ಯತ್ಯಾಸವಿರುವುದು ಒಳಗಿನ ಸಂಪರ್ಕಗಳಲ್ಲಿ. ನರಕೋಶಗಳು ಪರಸ್ಪರ ಸೇರುವ ನರಸಂಧಿಗಳು ಮೊದಲು ಬೇಕಾದದ್ದಕ್ಕಿಂತ ಹೆಚ್ಚು ಹುಟ್ಟಿ, ಆಮೇಲೆ ಬಳಕೆಯಲ್ಲಿರುವವು ಬಲಗೊಂಡು ಉಳಿದವು ಕಡಿದುಹೋಗುತ್ತವೆ. ಅಮೆರಿಕದ ಪೀಟರ್ ಹಟನ್‌ಲಾಕರ್ ಅವುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ನೋಟಕ್ಕೆ ಸಂಬಂಧಿಸಿದ ಭಾಗದಲ್ಲಿ ಈ ಸಂಖ್ಯೆ ಮೊದಲ ವರ್ಷದೊಳಗೇ ತುದಿ ಮುಟ್ಟುತ್ತದೆಂದೂ, ಹಣೆಯ ಹಿಂದಿನ ಪ್ರಿಫ್ರಾಂಟಲ್ ಭಾಗದಲ್ಲಿ ಅದು ತಡವಾಗಿ ಏರಿ, ಹರೆಯದವರೆಗೂ ನಿಧಾನವಾಗಿ ಇಳಿಯುತ್ತದೆಂದೂ ಕಂಡುಕೊಂಡರು. 2004ರಲ್ಲಿ ಪ್ರಕಟವಾದ, ನಾಲ್ಕರಿಂದ ಇಪ್ಪತ್ತೊಂದು ವರ್ಷ ವಯಸ್ಸಿನ ನಡುವೆ ಹದಿಮೂರು ಮಂದಿಯ ಮೆದುಳನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿದ ಅಧ್ಯಯನವೂ ಇದೇ ಕ್ರಮವನ್ನು ತೋರಿಸಿತು: ಚಲನೆ ಮತ್ತು ಇಂದ್ರಿಯಗಳ ಭಾಗಗಳು ಮೊದಲು ಬಲಿಯುತ್ತವೆ, ಹಣೆಯ ಹಿಂದಿನ ಭಾಗ ಕೊನೆಗೆ ಬಲಿಯುವವುಗಳಲ್ಲೊಂದು. ಕೂತಲ್ಲೇ ಕೂರುವುದು, ಮಿಸ್ ಹೇಳಿದ ಮೂರು ಮಾತನ್ನು ನೆನಪಿನಲ್ಲಿಟ್ಟು ಸಾಲಾಗಿ ಮಾಡುವುದು, ಬೋರ್ಡು ನೋಡಿ ಓದಿ, ಹಿಡಿದಿಟ್ಟುಕೊಂಡು, ತಲೆ ತಗ್ಗಿಸಿ ಬರೆದು, ಮತ್ತೆ ಅದೇ ಸಾಲನ್ನು ಹುಡುಕುವುದು, ಎಲ್ಲವೂ ಬಹುಮಟ್ಟಿಗೆ ಈ ಕೊನೆಯಲ್ಲಿ ಬಲಿಯುವ ಭಾಗವನ್ನೇ ನೆಚ್ಚಿದ ಕೆಲಸಗಳು. ಡೈರಿಯ ದೂರುಗಳನ್ನು ಒಂದೊಂದಾಗಿ ಓದಿದರೆ ಅವೆಲ್ಲ ಇಲ್ಲಿಗೇ ಬಂದು ಸೇರುತ್ತವೆ.

ಎಡಿಎಚ್‌ಡಿ ಇರುವ ಮಕ್ಕಳಲ್ಲಿಯೂ ಬೆಳವಣಿಗೆಯ ಕ್ರಮ ಇದೇ; ಆದರೆ 2007ರಲ್ಲಿ ಫಿಲಿಪ್ ಶಾ ಮತ್ತು ಸಂಗಡಿಗರು ಪ್ರಕಟಿಸಿದಂತೆ ಮೆದುಳಿನ ಹೊರಪದರದ ಅರ್ಧದಷ್ಟು ಭಾಗ ಗರಿಷ್ಠ ದಪ್ಪ ತಲುಪುವ ವಯಸ್ಸು ಅವರಲ್ಲಿ ಹತ್ತೂವರೆ, ಉಳಿದವರಲ್ಲಿ ಏಳೂವರೆ. ಇದು ನೂರಾರು ಮಕ್ಕಳ ಗುಂಪುಗಳನ್ನು ಹೋಲಿಸಿದಾಗ ಕಾಣುವ ಸರಾಸರಿ. ಒಂದು ಮಗುವಿನ ಒಂದು ಸ್ಕ್ಯಾನ್ ನೋಡಿ ಇದೆ ಅಥವಾ ಇಲ್ಲ ಎನ್ನಲು ಬರುವುದಿಲ್ಲ. ಆದ್ದರಿಂದ ಎಂಆರ್‌ಐ ಬೇಡವೆಂದೆ. ಆ ಹಣ ಉಳಿಯಿತೆಂಬ ಸಮಾಧಾನ ಅವರ ಮುಖದಲ್ಲಿ ಕಾಣಲಿಲ್ಲ, ಯಂತ್ರದ ಮಾತಿಗಿರುವ ಬೆಲೆ ಬಾಯಿಮಾತಿಗೆ ಇಲ್ಲವಷ್ಟೆ.

ಎಡಿಎಚ್‌ಡಿಯ ನಿರ್ಣಯಕ್ಕೆ ಲಕ್ಷಣಗಳು ಮಗುವಿನ ಬೆಳವಣಿಗೆಯ ಹಂತಕ್ಕೆ ಮೀರಿದವಾಗಿರಬೇಕು, ಕನಿಷ್ಠ ಆರು ತಿಂಗಳಿರಬೇಕು, ಎರಡು ಅಥವಾ ಹೆಚ್ಚು ಸನ್ನಿವೇಶಗಳಲ್ಲಿ ಕಾಣಿಸಬೇಕು. ಶಾಲೆಯಂತೆ ಟ್ಯೂಷನ್ನಿನವರೂ ದೂರು ಹೇಳಿದ್ದರಿಂದ ಎರಡು ಸನ್ನಿವೇಶಗಳಾದವೆಂದು ವಾದಿಸಬಹುದು. ನನ್ನ ದೃಷ್ಟಿಯಲ್ಲಿ ಅದು ಎಣಿಕೆಗೆ ಮಾತ್ರ ಎರಡು. ದಿನವಿಡೀ ಕೂತು ಬಂದ ಮಗುವನ್ನು ಅದೇ ನೋಟ್‌ಬುಕ್ಕಿನ ಮುಂದೆ ಮತ್ತೆ ಕೂರಿಸುವ ಟ್ಯೂಷನ್ ಶಾಲೆಯದೇ ಮುಂದುವರಿಕೆ. ಮನೆಯಲ್ಲಿ, ಬೀದಿಯಲ್ಲಿ, ಮದುವೆಮನೆಯಲ್ಲಿ ಅವನು ವಯಸ್ಸಿಗೆ ಮೀರಿ ಚಡಪಡಿಸಿದ್ದನ್ನು ಯಾರೂ ಹೇಳಲಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಶಾಲೆಗೆ ಸೇರುವ ವಯಸ್ಸಿನ ಗಡಿ ಡಿಸೆಂಬರ್ 31. ಅಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಗತಿಯಲ್ಲಿ ಅತಿ ಕಿರಿಯರಾದ ಡಿಸೆಂಬರ್‌ನ ಗಂಡುಮಕ್ಕಳಿಗೆ ಜನವರಿಯಲ್ಲಿ ಹುಟ್ಟಿದವರಿಗಿಂತ ಶೇ 30ರಷ್ಟು, ಹೆಣ್ಣುಮಕ್ಕಳಿಗೆ ಶೇ 70ರಷ್ಟು ಹೆಚ್ಚಾಗಿ ಎಡಿಎಚ್‌ಡಿ ಎಂಬ ನಿರ್ಣಯ ಸಿಕ್ಕಿತ್ತು. ಹುಟ್ಟಿದ ತಿಂಗಳು ಕಾಯಿಲೆಯನ್ನು ತರುವುದಿಲ್ಲ, ಹೋಲಿಕೆ ತರುತ್ತದೆ. ಇವೆಲ್ಲವನ್ನೂ ಕೂಡಿಸಿ, ಸದ್ಯಕ್ಕೆ ಎಡಿಎಚ್‌ಡಿ ಎನ್ನಲು ಆಧಾರ ಸಾಲದು, ನಿದ್ರೆಯ ಕೊರತೆ ಮತ್ತು ರಕ್ತಹೀನತೆ ಇರುವ, ತರಗತಿಯಲ್ಲಿ ಅತಿ ಕಿರಿಯನಾದ ಮಗು ಎಂದು ವರದಿ ಬರೆದೆ.

ಏನು ಮಾಡಲಾಯಿತು

ಮಗು ಚಿಕ್ಕದು, ಕಾದರೆ ಸರಿಹೋಗುತ್ತದೆ ಎಂದು ಕೈಕಟ್ಟಿ ಕೂರುವಂತಿರಲಿಲ್ಲ. ಕಬ್ಬಿಣದ ಸಿರಪ್ ಅನ್ನು ಮಕ್ಕಳ ವೈದ್ಯರು ಮೂರು ತಿಂಗಳಿಗೆ ಬರೆದುಕೊಟ್ಟರು. ಅಜ್ಜಿಯ ಜೊತೆಗೆ ಅವನೂ ಬೆಳಿಗ್ಗೆ ಸಂಜೆ ಟೀ ಕುಡಿಯುತ್ತಿದ್ದ. ಟೀ ಕಬ್ಬಿಣದ ಹೀರಿಕೆಯನ್ನು ತಡೆಯುವುದರಿಂದ ಅದನ್ನು ನಿಲ್ಲಿಸಿ, ಊಟದ ಜೊತೆ ನಿಂಬೆಹಣ್ಣಿನ ಪಾನಕ ಅಥವಾ ಸೀಬೆಹಣ್ಣು ಕೊಡಲು ಹೇಳಿದೆವು. ಟ್ಯೂಷನ್ ನಿಂತಿತು. ಮಲಗುವ ಹೊತ್ತು ಮಾತ್ರ ಸುಲಭವಾಗಿ ಬದಲಾಗಲಿಲ್ಲ, ಏಕೆಂದರೆ ಬೇಗ ಮಲಗಿದರೆ ಅಪ್ಪ ಸಿಗುವುದಿಲ್ಲ. ಕೊನೆಗೆ ತಂದೆಯೇ ಬೆಳಿಗ್ಗೆ ಅವನನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವುದೆಂದಾಯಿತು. ವ್ಯಾನು ತಪ್ಪಿದ್ದರಿಂದ ಮುಕ್ಕಾಲು ಗಂಟೆ ತಡವಾಗಿ ಏಳಬಹುದಾಯಿತು, ರಾತ್ರಿ ಒಂಬತ್ತಕ್ಕೇ ಮಲಗಲು ಅವನೂ ಒಪ್ಪಿದ. ಇಡೀ ಯೋಜನೆಯಲ್ಲಿ ಅತ್ಯಂತ ಉಪಯುಕ್ತವಾದ ಬದಲಾವಣೆ ಇದೇ ಇರಬೇಕೆಂದು ನನಗನ್ನಿಸುತ್ತದೆ.

ಹೇಳಿದ ತಕ್ಷಣ ಹಾರುವ ಮೈಯನ್ನು ತಡೆದು, ನಿಯಮ ನೆನೆದು ನಡೆಯುವ ಅಭ್ಯಾಸಕ್ಕೆ ಹೊಸದೇನನ್ನೂ ತರಲಿಲ್ಲ. ಕೆರೆ–ದಡ ಆಟದಲ್ಲಿ ಕೆರೆ ಎಂದರೆ ಗೆರೆಯ ಒಳಗೆ, ದಡ ಎಂದರೆ ಹೊರಗೆ ಹಾರಬೇಕು. ವಾರ ಕಳೆದ ಮೇಲೆ ನಿಯಮವನ್ನು ತಿರುಗಿಸಿ, ಕೆರೆ ಎಂದಾಗ ಹೊರಗೆ ಹಾರಬೇಕೆಂದು ಮಾಡಿದೆವು. ಅಜ್ಜಿಯ ಚೌಕಾಬಾರದ ಜೊತೆಗೆ ಅಳಗುಳಿಮಣೆ ಸೇರಿತು. ಮನೆಮನೆಗೂ ಬೀಜ ಹಂಚುತ್ತಾ ಎಲ್ಲಿ ಖಾಲಿಯಾಗುತ್ತದೆಂದು ಮುಂದಾಗಿ ಊಹಿಸುವುದು ಅದರಲ್ಲಿ ಬೇಕಾಗುತ್ತದೆ. ಇಂಥ ಆಟಗಳಿಂದ ಆಟದ ಕೌಶಲ ಹೆಚ್ಚುವುದು ಖಚಿತ. ಅದು ತರಗತಿಯ ಕಲಿಕೆಗೆ ಎಷ್ಟರಮಟ್ಟಿಗೆ ಇಳಿಯುತ್ತದೆ ಎಂಬುದರಲ್ಲಿ ಸಂಶೋಧಕರಲ್ಲಿ ಒಮ್ಮತವಿಲ್ಲ. ದಿನಕ್ಕೆ ಎರಡು ಗಂಟೆಯ ಟ್ಯೂಷನ್ನಿನ ಜಾಗದಲ್ಲಿ ಅರ್ಧ ಗಂಟೆಯ ಆಟವಿದ್ದರೆ ನಷ್ಟವೇನಿಲ್ಲವೆಂಬುದು ನನ್ನ ಲೆಕ್ಕಾಚಾರವಾಗಿತ್ತು.

ಶಿಕ್ಷಕಿಯ ಜೊತೆ ಫೋನಿನಲ್ಲಿ ಮಾತನಾಡಿದಾಗ ಅವರ ಕಷ್ಟವೂ ತಿಳಿಯಿತು. ನಲವತ್ತಕ್ಕೂ ಹೆಚ್ಚು ಮಕ್ಕಳು, ತಿಂಗಳಿಗಿಷ್ಟು ಪಾಠವೆಂಬ ಗಡುವು. ಡೈರಿಯಲ್ಲಿ ಬರೆದದ್ದು ಕೋಪದಿಂದಲ್ಲ, ಕಳಕಳಿಯಿಂದಲೇ. ಮಕ್ಕಳ ಹುಟ್ಟಿದ ದಿನಾಂಕ ಹಾಜರಿ ಪುಸ್ತಕದಲ್ಲಿದ್ದರೂ ಹಾಗೆ ಹೋಲಿಸಿ ನೋಡಿರಲಿಲ್ಲವೆಂದರು. ಅವರಿಂದ ಕೇಳಿದ್ದು ಮೂರೇ: ಮುಂದಿನ ಬೆಂಚು, ಒಮ್ಮೆಗೆ ಒಂದೇ ಸೂಚನೆ, ಕಳೆಯುವ ಲೆಕ್ಕಕ್ಕೆ ಕಡ್ಡಿಯ ಕಟ್ಟು ಇಟ್ಟುಕೊಳ್ಳಲು ಅನುಮತಿ. ಮೊದಲೆರಡಕ್ಕೆ ತಕ್ಷಣ ಒಪ್ಪಿದರು. ಒಬ್ಬನಿಗೆ ಕಡ್ಡಿ ಕೊಟ್ಟರೆ ಉಳಿದವರೂ ಕೇಳುತ್ತಾರೆ ಎಂದು ಮೂರನೆಯದಕ್ಕೆ ಹಿಂಜರಿದರು. ಕೇಳಿದರೆ ಅವರಿಗೂ ಕೊಡಬಹುದಲ್ಲ ಎಂದೆ. 1995ರಲ್ಲಿ ಮೈಸೂರು ಜಿಲ್ಲೆಯದೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಹುಟ್ಟಿದ ನಲಿ–ಕಲಿಯಲ್ಲಿ ಪ್ರತಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುವ, ವಸ್ತುಗಳನ್ನು ಮುಟ್ಟಿ ಕಲಿಯುವ ಏರ್ಪಾಡಿದೆ. ದುಬಾರಿ ಶುಲ್ಕದ ಶಾಲೆಗಳಿಗೆ ಅದು ಇನ್ನೂ ಹಿಡಿಸಿಲ್ಲವೆಂಬುದು ವಿಚಿತ್ರ.

ಅವನನ್ನು ಮತ್ತೆ ಯುಕೆಜಿಗೆ ಕೂರಿಸಬೇಕೇ ಎಂಬುದರಲ್ಲಿ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ತಾಯಿಗೆ ಅದೇ ಸರಿಯೆನಿಸಿತ್ತು. ಒಂದು ವರ್ಷ ದಂಡವಾಗುತ್ತದೆ, ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂಬುದು ತಂದೆಯ ವಾದ. ಆರು ತುಂಬುವವರೆಗೆ ಸೇರಿಸದೆ ಇದ್ದಿದ್ದರೆ ಒಳ್ಳೆಯದಿತ್ತು, ಆದರೆ ಸೇರಿಸಿಯಾದ ಮೇಲೆ ವರ್ಷದ ನಡುವೆ ಗೆಳೆಯರಿಂದ ಬೇರ್ಪಡಿಸಿ ಹಿಂದಕ್ಕೆ ಕಳಿಸುವುದು ಬೇರೆಯೇ ಮಾತು. ಸಹಾಯದೊಂದಿಗೆ ಕಲಿಯಬಲ್ಲನೆಂದು ಪರೀಕ್ಷೆಯಲ್ಲಿಯೇ ಕಂಡಿದ್ದರಿಂದ ಹಾಗೆ ಮಾಡಬೇಡಿರೆಂದು ಹೇಳಿದೆ.

ವರ್ಷದ ನಂತರ

2024ರ ನವೆಂಬರ್‌ನಲ್ಲಿ, ಆರು ವರ್ಷ ಹತ್ತು ತಿಂಗಳಿನಲ್ಲಿ, ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿದೆ. ನೀರನ್ನು ಉದ್ದನೆಯ ಲೋಟಕ್ಕೆ ಸುರಿದಾಗ, "ಅದೇ ನೀರಲ್ವಾ, ಇದು ಸಣ್ಣಗಿದೆ, ಅದಕ್ಕೇ ಮೇಲಕ್ಕೆ ಬಂದಿದೆ" ಎಂದು ನನ್ನನ್ನೇ ಅನುಮಾನದಿಂದ ನೋಡಿದ. ಬೆರಕೆ ನಿಯಮದ ಕಾರ್ಡುಗಳಲ್ಲಿ ಒಂದೆರಡು ಕಡೆ ಮಾತ್ರ ತಪ್ಪಿದ. ಹಿಂದುಮುಂದಾಗಿ ಮೂರು ಅಂಕೆಗಳನ್ನು ಹೇಳಿದ. ಕಳೆಯುವ ಲೆಕ್ಕವನ್ನು ಕಡ್ಡಿಯಿಲ್ಲದೆ, ಪಕ್ಕದಲ್ಲಿ ಹತ್ತರ ಕಟ್ಟಿನ ಚಿತ್ರ ಬರೆದುಕೊಂಡು ಮಾಡಿದ. ಹಿಮೋಗ್ಲೋಬಿನ್ 12ಕ್ಕೆ ಏರಿತ್ತು. ಎರಡನೇ ತರಗತಿಯ ಶಿಕ್ಷಕಿಯ ದೂರು ಒಂದೇ, ಪಕ್ಕದವರ ಜೊತೆ ಮಾತು ಜಾಸ್ತಿ.

ಈ ಬದಲಾವಣೆಯಲ್ಲಿ ವಯಸ್ಸಿನ ಪಾಲೆಷ್ಟು, ನಿದ್ರೆಯದೆಷ್ಟು, ಕಬ್ಬಿಣದ್ದೆಷ್ಟು, ಶಾಲೆ ಸ್ವಲ್ಪ ಸಡಿಲಗೊಂಡದ್ದರದೆಷ್ಟು ಎಂದು ಬೇರ್ಪಡಿಸಲು ಒಂದೇ ಮಗುವಿನ ಪ್ರಕರಣದಲ್ಲಿ ದಾರಿಯಿಲ್ಲ. ಎಲ್ಲವನ್ನೂ ಒಟ್ಟಿಗೆ ಆರಂಭಿಸಿದ್ದರಿಂದ ಯಾವುದೊಂದಕ್ಕೂ ಕೀರ್ತಿ ಕೊಡುವಂತಿಲ್ಲ. ನೀರಿನ ಪರೀಕ್ಷೆಯನ್ನಂತೂ ಅವನು ಯಾರ ನೆರವಿಲ್ಲದೆಯೂ ಈ ಹೊತ್ತಿಗೆ ಗೆಲ್ಲುತ್ತಿದ್ದನೆಂದೇ ನನ್ನ ಊಹೆ.

ಎಲ್ಲವೂ ಸರಿಹೋಗಿಲ್ಲ. ಬರವಣಿಗೆ ನಿಧಾನ. ಕನ್ನಡ ಓದುವಾಗ ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ, ಕೆಲವೊಮ್ಮೆ ಒತ್ತನ್ನೇ ಬಿಟ್ಟು ಓದುತ್ತಾನೆ. ಗುಣಿತಾಕ್ಷರ, ಒತ್ತಕ್ಷರಗಳು ಸೇರಿ ಕಲಿಯಬೇಕಾದ ಅಕ್ಷರರೂಪಗಳು ನಮ್ಮ ಲಿಪಿಯಲ್ಲಿ ನೂರಾರು. ಕನ್ನಡ ಓದು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ 2007ರ ಸಂಶೋಧನೆಯಂತೆ ಅಕ್ಷರಜ್ಞಾನ ಪೂರ್ತಿಯಾಗಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ. ಹಾಗಾಗಿ ಎರಡನೇ ತರಗತಿಯ ಈ ತೊಡಕನ್ನು ಕಲಿಕಾ ನ್ಯೂನತೆ ಎನ್ನಲು ಕಾರಣವಿಲ್ಲ, ಇಲ್ಲವೇ ಇಲ್ಲ ಎನ್ನಲೂ ಕಾರಣವಿಲ್ಲ.

2025ರಲ್ಲಿ ತಂಗಿಯ ಸರದಿ ಬಂತು. ಆರು ವರ್ಷದ ನಿಯಮ ಜಾರಿಯಾಗಬೇಕಿದ್ದ ಆ ಸಾಲಿಗೆ, ಯುಕೆಜಿ ಮುಗಿಸಿದ ಮಕ್ಕಳನ್ನು ಐದು ವರ್ಷ ಐದು ತಿಂಗಳಿಗೇ ಒಂದನೇ ತರಗತಿಗೆ ಸೇರಿಸಬಹುದೆಂದು ಸರ್ಕಾರ ಏಪ್ರಿಲ್‌ನಲ್ಲಿ ಒಂದು ಬಾರಿಯ ಸಡಿಲಿಕೆ ಘೋಷಿಸಿತು. ಹುಡುಗಿಗೆ ಜೂನ್‌ಗೆ ಐದೂವರೆ ತುಂಬಿತ್ತು. ತಂದೆಯವರು ಫೋನ್ ಮಾಡಿ, ಈ ವರ್ಷ ಬಿಟ್ಟರೆ ಸಿಗುವುದಿಲ್ಲ, ಏನು ಮಾಡಲಿ ಎಂದು ಕೇಳಿದರು. ಅವಳು ಎರಡೂ ರೀತಿಯಲ್ಲಿ ಕಲಿಯಬಲ್ಲಳು, ಆದರೆ ಈಗ ಸೇರಿದರೆ ತರಗತಿಗೇ ಚಿಕ್ಕವಳು, ಮುಂದಿನ ವರ್ಷ ಸೇರಿದರೆ ದೊಡ್ಡವರಲ್ಲೊಬ್ಬಳು ಎಂದೆ. ಕೊನೆಗೆ ಅವಳನ್ನು ಇನ್ನೊಂದು ವರ್ಷ ಯುಕೆಜಿಯಲ್ಲಿಯೇ ಇರಿಸಿದರು. ತೀರ್ಮಾನಕ್ಕೆ ಯುಕೆಜಿಯ ಶುಲ್ಕ ಕಡಿಮೆಯೆಂಬುದೂ ನೆರವಾಯಿತೆಂದು ತಾಯಿ ನಗುತ್ತಾ ಹೇಳಿದರು.

ಅಣ್ಣನ ಓದಿನ ವಿಷಯ ತೆರೆದೇ ಇದೆ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಅದರ ಪ್ರಮಾಣಪತ್ರಕ್ಕೆ ಎಂಟು ವರ್ಷ ತುಂಬಿರಬೇಕೆಂದು 2018ರ ಮಾರ್ಗಸೂಚಿ ಹೇಳಿತ್ತು. ಅಲ್ಲಿಯವರೆಗೆ ದಿನಕ್ಕೆ ಹತ್ತು ನಿಮಿಷ ತಾಯಿಯ ಜೊತೆ ಗಟ್ಟಿಯಾಗಿ ಓದುವುದು, ತಪ್ಪಿದ ಒತ್ತಕ್ಷರಗಳನ್ನು ತಾಯಿ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವುದು ಎಂದು ಗೊತ್ತುಮಾಡಿದ್ದೇವೆ. ಎಂಟು ತುಂಬಿದ ಮೇಲೂ ಆ ಪಟ್ಟಿ ಕಿರಿದಾಗದಿದ್ದರೆ ಓದು, ಬರಹ ಮತ್ತು ಲೆಕ್ಕದ ಪೂರ್ಣ ಪರೀಕ್ಷೆ ಮಾಡುವುದೆಂದು ಕಡತದಲ್ಲಿ ಬರೆದಿಟ್ಟಿದೆ.